ಅಪ್ಪನ ಕಣಜದ ಬಾಯಿ

ಗಿದಾನ್ ಗಾಡೋ, ಜಿಂದರ್ ಸೀಮೆ
ಜುಲೈ ಒಂಬತ್ತು, ಮಂಗಳವಾರ

ಪ್ರೀತಿಯ ಅಪ್ಪಾ,

ನಿಮ್ಮ ಭುಜದ ನೋವು ಹೇಗಿದೆ? ಲೇಗೋಸಿನ ಮಳೆಯಲ್ಲಿ ನೀರು ಮಾರುವ ಗಾಡಿ ತಳ್ಳಬೇಡಿ, ಸೂರಿನಡಿ ನಿಲ್ಲಿಸಿ. ‘ಚೆನ್ನಾಗಿದ್ದೀವಿ ಅಂತ ಬರಿ’ ಎಂದಳು ಅಮ್ಮ. ಹಾಗಾಗಿ ಚೆನ್ನಾಗಿದ್ದೇವೆ.

ನೀವು ಹೋದ ಮೇಲೆ, ಮಾರ್ಚಿನಲ್ಲಿ, ನೆರವಿನ ಪುಕ್ಕಟೆ ಜೋಳದ ಲಾರಿಗಳು ಬಂದವು. ಹಸಿದ ಊರು ಬೇಡ ಎನ್ನುವುದುಂಟೇ? ಆದರೆ ಸಂತೆಯಲ್ಲಿ, ಅಮ್ಮ ತನ್ನ ತುಂಡು ಹೊಲದಲ್ಲಿ ಬೆಳೆದ ಸಜ್ಜೆಯ ಮುಂದೆ ಯಾರೂ ನಿಲ್ಲಲಿಲ್ಲ. ಅಳತೆಯ ಬೋಗುಣಿಯ ಮೇಲೆ ಗೋಪುರ ಕಟ್ಟಿ, ಕೊಸರಿಗೆ ಎರಡು ಹಿಡಿ ಹಾಕುತ್ತೇನೆಂದು ಕೂಗಿದಳು. ಪಕ್ಕದಲ್ಲಿ ಬೆಂಡೆಪುಡಿ ಮಾರುವ ದೆಲು, ‘ಪುಕ್ಕಟೆ ಸಿಗೋದರ ಎದುರು ನಿನ್ನ ತಲೆವಸ್ತ್ರ ಸೇರಿಸಿ ಕೊಟ್ರೂ ಯಾರು ಬರ್ತಾರಕ್ಕಾ?’ ಎಂದು ನಕ್ಕಳು. ಅಷ್ಟರಲ್ಲಿ ಸಜ್ಜೆಗೆ ಹುಳ ಬಿತ್ತು. ಧಾನ್ಯದ ಮಂಡಿ ಇಟ್ಟಿರುವ ಅಲ್ಹಾಜಿ ಸಾನೂಸಿ ಗಾಡಿ ತಂದ. ‘ಹುಳಕ್ಕೆ ಹಾಕೋದನ್ನ ನನಗೆ ಹಾಕು ತಾಯಿ’ ಎಂದು ಅರ್ಧ ಬೆಲೆಗೆ ಅಷ್ಟನ್ನೂ ಹೇರಿಕೊಂಡು ಹೋದ. ಜೋಳ ಹಂಚುವ ಬಯಲಿನ ಅಂಚಿನಲ್ಲೂ ಅವನ ಆಳುಗಳು ಜನರಿಂದ ಜೋಳದ ಚೀಲ ಕೊಳ್ಳುತ್ತಿದ್ದರು. ಅಮ್ಮ ಮಾತ್ರ, ‘ನನ್ನದು ಹೋದ್ರೆ ಹೋಗ್ಲಿ, ನಿಮ್ಮಪ್ಪನ ಕಣಜ ಇದೆಯಲ್ಲ’ ಎಂದಳು.

ಜೂನಿನಲ್ಲಿ ಲಾರಿಗಳು ಬರುವುದು ನಿಂತಿತು. ಮರುಸಂತೆಗೇ ಅಲ್ಹಾಜಿಯ ಉಗ್ರಾಣ ತೆರೆಯಿತು, ಬೆಲೆ ಮೂರು ಪಟ್ಟು. ಬೋಗುಣಿಯ ಬಾಯಿಗೆ ಕೋಲೆಳೆದು ಸಮಮಾಡಿ ಕೊಡುತ್ತಾನೆ, ಕೊಸರಿನ ಮಾತೇ ಇಲ್ಲ. ತಾನೇ ಮಾರಿದ ಸಜ್ಜೆಗೆ ಅಮ್ಮ ಸರದಿಯಲ್ಲಿ ನಿಲ್ಲುತ್ತಾಳೆ. ಅವಳು, ಅಜ್ಜಿ, ನಾನು ಕಣಜದಿಂದ ಹತ್ತು ಹೆಜ್ಜೆ ದೂರ ಕೂತು ಸೊಪ್ಪು ಬೇಯಿಸಿ ತಿನ್ನುತ್ತೇವೆ. ಕಣಜದ ಬಾಯಿ ತೆರೆಯಬೇಕಾದವನು ಯಜಮಾನ, ಹೆಂಡತಿ ಇಣುಕಿದರೆ ಧಾನ್ಯದ ಬರಕತ್ತು ಹೋಗುತ್ತದೆ ಎನ್ನುತ್ತಾಳೆ ಅಮ್ಮ. ಅದರ ಬುಡ ಗುಡಿಸುವಾಗಲೂ ಮುಖ ತಿರುಗಿಸಿಕೊಳ್ಳುತ್ತಾಳೆ. ‘ಗಂಡ ಊರಲ್ಲಿಲ್ಲ ಅಂತ ಕಣಜಕ್ಕೆ ಕೈಹಾಕಿದವಳು ಅನ್ನಿಸ್ಕೊಳ್ಳಲಾ?’ ಎನ್ನುತ್ತಾಳೆ. ತೆರೆಯಲು ಅವಳಿಗೆ ನಿಮ್ಮ ಅಪ್ಪಣೆ ಬೇಕಂತೆ. ಅದಕ್ಕೇ ಈ ಕಾಗದ.

ಅಜ್ಜಿ ಐದು ಹೊತ್ತೂ ನಿಮ್ಮ ಹೆಸರು ಹಿಡಿದು ಬೇಡಿಕೊಳ್ಳುತ್ತಾಳೆ. ಅವಳ ಹರಕೆ ನಿಮ್ಮನ್ನು ಕಾಯಲಿ.

ನಿಮ್ಮ ಮಗಳು,
ಹಾಸಿಯಾ

ಮರೆತ ಮಾತು: ಅಮ್ಮ ಲಕೋಟೆ ಅಂಟಿಸಲು ಗೋಂದು ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನೆ ನಾನೇ ಹತ್ತಿ ಕಣಜದ ಹುಲ್ಲುಮುಚ್ಚಳ ಎತ್ತಿದೆ. ತಳ ಕಾಣಿಸಿತು, ಗುಡಿಸಿದ ಹಾಗೆ. ಲಾರಿ ಬರುತ್ತದೆಂದು ರೇಡಿಯೋ ಹೇಳಿದ ವಾರ ನಮ್ಮನ್ನೆಲ್ಲ ಅತ್ತೆಯ ಮನೆಗೆ ಕಳಿಸಿದ್ದಿರಿ. ಬೆಲೆ ಬೀಳುವ ಮೊದಲೇ ಮಾರಿಕೊಂಡಿರಿ. ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ಅಪ್ಪಣೆ ಕಳಿಸಬೇಡಿ ಅಪ್ಪಾ. ಬಂದು, ಅವಳ ಎದುರಿಗೆ ನೀವೇ ತೆರೆಯಿರಿ.