‘ನನಗ’ ಅಂದ ಕಸ್ತೂರಿ

ಅಥಣಿ ರಸ್ತೆಯ ಹಾಸ್ಟೆಲ್, ವಿಜಯಪುರ
ಮಂಗಳವಾರ, 4 ಫೆಬ್ರವರಿ 2025

ಪ್ರೀತಿಯ ಸಂಗು ಅಣ್ಣಾ,

ಹೇಗಿದ್ದೀಯ? ಮಿಲಿಟರಿ ಕ್ಯಾಂಪಿನಲ್ಲಿ ಚಳಿ ಇಳಿದಿದೆಯೇ, ಕೆಮ್ಮು ಹೋಯಿತೇ? ಅವ್ವ ಕಳ್ಳಕವಟಗಿಯಿಂದ ರೊಟ್ಟಿಗೆಂದು ಕಳಿಸಿದ ಶೇಂಗಾ ಹಿಂಡಿಯನ್ನು ಒಬ್ಬನೇ ಮುಗಿಸಬೇಡ. ನಾನು ಆರಾಮ ಇದ್ದೇನೆ. ಫೋನಿನಲ್ಲಿ ಟೈಪ್ ಮಾಡಿದರೆ ಹೆದರಿ ಅಳಿಸಿಬಿಡುತ್ತೇನೆ ಅಂತ ಕಾಗದದ ಮೇಲೆ ಬರೆದು ಅದರ ಫೋಟೋ ಕಳಿಸುತ್ತಿದ್ದೇನೆ. ಗೀಟು ಎಳೆದು ಕಾಟು ಹೊಡೆದದ್ದನ್ನು ಓದಬೇಡ.

‘ಹುಡುಗಿ ಹೆಂಗದಾಳ, ಖರೇ ಹೇಳ’ ಅಂದಿದ್ದೆಯಲ್ಲ. ಬರುವ ಸೋಮವಾರವೇ ಸಕ್ಕರಿ ಹಂಚಿ ಮದುವೆ ಗಟ್ಟಿ ಮಾಡಬೇಕೆಂದು ಕಾಕಾನ ಅವಸರ. ಅಷ್ಟರೊಳಗೆ ನೀನು ಹೂಂ ಇಲ್ಲವೇ ಉಹೂಂ ಅನ್ನಬೇಕು. ಗೊತ್ತಿದ್ದೂ ನಾನು ಬೇಗ ಉತ್ತರ ಕೊಡಲಿಲ್ಲ. ಟೆನ್ಶನ್ ಆಗಿತ್ತು. ನಮ್ಮ ಮೇಡಂ ಒಂದು ಹೊಸ ಸಿನಿಮಾದ ಆನ್‌ಲೈನ್ ವಿಮರ್ಶೆಗಳನ್ನು ಓದಿ, ಬರೆದವರ ಮನಸ್ಸಿನಲ್ಲಿ ನಿಜವಾಗಿ ಏನಿದೆ ಅಂತ ಹುಡುಕುವ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಓದಿ ಓದಿ ತಲೆ ಕೆಟ್ಟಿತು. ಸೇರದಿದ್ದರೆ ಯಾರೂ ‘ನನಗೆ ಸೇರಲಿಲ್ಲ’ ಅಂತ ಬರೆಯುವುದಿಲ್ಲ, ‘ಪ್ರೇಕ್ಷಕರ ತಾಳ್ಮೆ ಪರೀಕ್ಷಿಸುತ್ತದೆ’ ಅನ್ನುತ್ತಾರೆ. ಕಥೆ ಸಪ್ಪೆಯಾಗಿದ್ದರೆ ಕ್ಯಾಮೆರಾ ಹೊಗಳುತ್ತಾರೆ. ‘ಒಳ್ಳೆಯ ಪ್ರಯತ್ನ’ ಅಂದರಂತೂ ಮುಗಿಯಿತು.

ಇದೇ ತಲೆ ಹೊತ್ತುಕೊಂಡು ಭಾನುವಾರ ಅವ್ವ, ಕಾಕಾನ ಜೊತೆ ಹುಡುಗಿ ನೋಡಲು ಬಬಲೇಶ್ವರಕ್ಕೆ ಹೋದೆ. ಕಸ್ತೂರಿ ಚಹಾ ಕೊಟ್ಟು ಒಳಗೆ ಹೋದಳು. ಕಾಕಾ ಮೆಲ್ಲಗೆ, ‘ಮನಿ ಚಲೋ ಐತಿ, ಮಂದೀನೂ ಚಲೋ. ಉಪ್ಪಿಟ್ಟಂತೂ ಭಾರಿ ಆಗೇತಿ’ ಅಂದ. ಅವ್ವ, ‘ನಾಕ ಮಂದಿ ಒಪ್ಪೂ ಹಂಗ ಅದಾಳ ಬಿಡು’ ಅಂದಳು. ಕಾಕಾ ಹುಡುಗಿಯ ಮಾತೇ ಎತ್ತಲಿಲ್ಲ. ಮನೆ, ಮಂದಿ, ಉಪ್ಪಿಟ್ಟು, ಎಲ್ಲ ಬರೀ ಕ್ಯಾಮೆರಾ! ಅವ್ವನ ನಾಲ್ಕು ಮಂದಿ ಅಂದರೆ ಅದೇ ಪ್ರೇಕ್ಷಕರು!

ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಕಸ್ತೂರಿ ಕಪ್ಪು-ಬಸಿ ತೊಳೆಯುತ್ತಿದ್ದಳು. ಏನು ಮಾತಾಡಬೇಕೋ ತಿಳಿಯದೆ, ಆ ಸಿನಿಮಾ ನೋಡಿದ್ದೀರಾ ಅಂತ ಕೇಳಿಬಿಟ್ಟೆ. ‘ನೋಡೀನ್ರಿ. ನನಗ ಸೇರಲಿಲ್ಲ. ಮಂದೀದು ಮಂದಿಗೆ ಗೊತ್ತು’ ಅಂದಳು. ಅಷ್ಟೊಂದು ವಿಮರ್ಶೆ ಓದಿದ್ದೆನಲ್ಲ, ‘ನನಗ’ ಅಂದವಳು ಇವಳೊಬ್ಬಳೇ! ಧೈರ್ಯ ಬಂದು, ನಾವು ಮೊದಲೇ ಕಳಿಸಿದ್ದ ನಿನ್ನ ಫೋಟೋ ಹೇಗನಿಸಿತು ಅಂದೆ. ‘ಕಣ್ಣು ಚಲೋ ಅದಾವ್ರಿ. ಮೀಸಿ ನನಗ ಸೇರಲಿಲ್ಲ. ಆದ್ರ ಬರೇ ಪೋಸ್ಟರ್ ನೋಡಿ ಸಿನಿಮಾ ಹೆಂಗೈತಿ ಅಂತ ಹೇಳಾಕ ಬರ್ತದೇನ್ರಿ?’ ಅಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ ಹೊರಗಿನಿಂದ ಕಾಕಾ, ‘ಏನ್ ನಡದೈತಿ ಬೇ ಶೈಲಾ ಒಳಗ?’ ಅಂತ ಕೂಗಿದ.

ಅಣ್ಣಾ, ನಾಲ್ಕು ಮಂದಿಯ ಮಾತು ಬಿಡು. ಕಸ್ತೂರಿ ನನಗೆ ಬಹಳ ಸೇರಿದಳು. ಇಷ್ಟು ಬರೆದ ಮೇಲೆ ಎದೆ ಹಗುರವಾಯಿತು, ಇವತ್ತು ಮೆಸ್ಸಿನ ಸಾರೂ ರುಚಿ ಹತ್ತೀತು.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ತಿರುಗು. ನಿನ್ನ ಗೆಳೆಯರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ,
ಶೈಲಾ

ತಾ.ಕ.: ಊಟದ ಗಂಟೆ ಹೊಡೆಯಿತು, ಬೇಗ ಬೇಗ ಬರೆಯುತ್ತೇನೆ. ಕಸ್ತೂರಿ ಇನ್ನೂ ಹೂಂ ಅಂದಿಲ್ಲ, ಅವಳನ್ನು ಯಾರೂ ಕೇಳಿಯೂ ಇಲ್ಲ. ನಾವು ಹೊರಡುವಾಗ ನನ್ನ ಕೈಹಿಡಿದು, ‘ಸಕ್ಕರಿ ಹಂಚೂಕಿಂತ ಮೊದಲ ನಿಮ್ಮಣ್ಣಾರು ಒಮ್ಮೆ ನನ್ನ ಜೋಡಿ ಮಾತಾಡ್ಲಿ. ಆಮ್ಯಾಲ ಹೂಂ ಅಂದ್ರೂ ನಾನ ಅಂತೀನಿ, ಉಹೂಂ ಅಂದ್ರೂ ನಾನ ಅಂತೀನಿ’ ಅಂದಳು. ಅವಳ ನಂಬರು ಬೇರೆಯಾಗಿ ಕಳಿಸಿದ್ದೇನೆ. ಇವತ್ತೇ ಫೋನ್ ಮಾಡು. ಮೀಸೆ ಸದ್ಯಕ್ಕೆ ಇರಲಿ.