ಬಾಯಲ್ಲಿ ನೆನೆಯದ ಅಕ್ಕಿ

ಪ್ರೀತಿಯ ಭಾನುಮತಿ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಟ್ಟಿಯೋ ತಟ್ಟಿಯೋ, ಸರಿಯಾಗಿ ನೆನಪಿಲ್ಲ. ಆದರೆ ಅವನೇ ಕಳ್ಳನೆಂದು ಹೇಳಿದವರು ಯಾರು? ಕದ್ದವನನ್ನು ಕಂಡವನೂ ಗಾಬರಿಯಲ್ಲಿ ಹಾಗೆ ಮಾಡಿರಬಹುದಲ್ಲವೇ?

ಆಲ್ಬನಿಯ ಕ್ಯಾಂಪಸ್ಸಿನಲ್ಲಿ ನಾನೀಗ ಓದುತ್ತಿರುವುದು ಇದನ್ನೇ. ನಲವತ್ತೆಂಟರಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿನಿ, ನಗಬೇಡ. ಕಳೆದ ವಾರ ಸುಳ್ಳು ಪತ್ತೆ ಯಂತ್ರದ ಪ್ರಯೋಗವಿತ್ತು. ಕೆಲವರು ಡ್ರಾಯರಿನಿಂದ ಉಂಗುರ ಕದಿಯಬೇಕು, ಕೆಲವರು ಅದನ್ನು ನೋಡಬೇಕು, ಅಷ್ಟೇ. ನನಗೆ ಬಂದದ್ದು ನೋಡುವ ಪಾಲು. ಬೆರಳಿಗೆ ತಂತಿ ಸುತ್ತಿ, ಕದ್ದದ್ದು ಪೆನ್ನೇ, ಪರ್ಸೇ, ಉಂಗುರವೇ ಎಂದು ಕೇಳಿದರು. ಉಂಗುರ ಎಂದೊಡನೆ ಯಂತ್ರದ ಪರದೆಯ ಮೇಲೆ ನನ್ನ ಗೆರೆಯೂ ಕದ್ದವಳ ಗೆರೆಯಂತೆಯೇ ಜಿಗಿಯಿತು. "ಇವರಿಗೆ ಗೊತ್ತಿದೆ ಅನ್ನೋದಷ್ಟೇ ಯಂತ್ರಕ್ಕೆ ಗೊತ್ತು. ಹೇಗೆ ಗೊತ್ತಾಯಿತು ಅನ್ನೋದು ಗೊತ್ತಿಲ್ಲ," ಎಂದರು ನಮ್ಮ ಮೇಡಂ. ಕದ್ದವರ ಗೆರೆ ಕೊಂಚ ಹೆಚ್ಚು ಏಳಬಹುದಂತೆ. ಅದೊಂದನ್ನೇ ನಂಬಿ ಯಾರ ಮೇಲೂ ಕಳ್ಳತನ ಹೊರಿಸಬಾರದಂತೆ.

ನಾನು ಎದ್ದು ಹೊರಗೆ ಬಂದೆ. ಕಣ್ಣ ಮುಂದೆ ದಾವಣಗೆರೆಯ ನಮ್ಮ ನರ್ಸಿಂಗ್ ಹಾಸ್ಟೆಲ್ಲು. ವಾರ್ಡನ್ನರ ಕೈಗಡಿಯಾರ ಕಾಣೆಯಾದಾಗ ಮಂತ್ರಿಸಿದ ಅಕ್ಕಿಯನ್ನು ಎಲ್ಲರಿಗೂ ಜಗಿಯಲು ಕೊಟ್ಟರಲ್ಲ, ಕದ್ದವಳ ಬಾಯಿ ಒಣಗುತ್ತದೆಂದು. ನಿನ್ನ ಅಕ್ಕಿ ಒಣಪುಡಿಯಾಗಿ ಉದುರಿತು. ನನ್ನದು ಮುದ್ದೆಯಾಗಿತ್ತು.

ನಾಡಿ ಎಣಿಸುವ ಪರೀಕ್ಷೆಗೆ ನನ್ನ ಬಳಿ ಸೆಕೆಂಡಿನ ಮುಳ್ಳಿದ್ದ ಗಡಿಯಾರ ಇರಲಿಲ್ಲ, ಭಾನು. ವಾರ್ಡನ್ನರದನ್ನು ಒಂದು ದಿನಕ್ಕೆಂದು ತೆಗೆದುಕೊಂಡೆ. ಗಲಾಟೆಯಾದ ಮೇಲೆ ವಾಪಸ್ಸಿಡುವ ಧೈರ್ಯ ಬರಲಿಲ್ಲ. ಅಕ್ಕಿಯ ಸುದ್ದಿ ಕೇಳಿದವಳೇ ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡಿದ್ದೆ. ನಾನು ಗಡಿಯಾರವನ್ನು ಟ್ರಂಕಿನಲ್ಲಿ ಬಚ್ಚಿಟ್ಟದ್ದು ನೀನು ಕಂಡಿದ್ದೆ. ಹೇಳಲೋ ಬೇಡವೋ ಎಂದು ಒಣಗಿದ ಬಾಯಿ ಅದು. ನಿನ್ನನ್ನು ಹೊರಹಾಕಿದ ದಿನ ಗೇಟಿನಲ್ಲಿ ನೀನು ಕೇಳಿದ್ದು ಇಷ್ಟೇ: "ನಾಡೀನಾದ್ರೂ ಸರಿಯಾಗಿ ಎಣಿಸ್ದೇನೇ?" ನೀನು ಹೋದ ಮೇಲೆ ಗಡಿಯಾರವನ್ನು ಬಾವಿಗೆ ಎಸೆದೆ.

ನಿನ್ನ ಒಂದು ವರ್ಷ ಹಾಳಾಯಿತು. ಈಗ ಇದೇ ದೇಶದ ಅಪ್ಪರ್ ಹಟ್‌ನಲ್ಲಿ ನೀನು ನರ್ಸು. ಹಬ್ಬಕ್ಕೊಮ್ಮೆ ಮಾತಾಡುತ್ತೇವೆ, ನೀನು ಆ ವಿಷಯ ಎತ್ತುವುದೇ ಇಲ್ಲ. ನಮ್ಮ ಬ್ಯಾಚಿನವರಿಗೆ ಇಂದಿಗೂ ನೀನೇ ಕಳ್ಳಿ. ನೀನು ಒಪ್ಪಿದರೆ ವಾಟ್ಸಾಪ್ ಗುಂಪಿನಲ್ಲಿ ನಿಜ ಬರೆಯುತ್ತೇನೆ. ಒಪ್ಪದಿದ್ದರೆ ನನ್ನನ್ನು ಬೈದಾದರೂ ಬೈ.

ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ.

ಗೆಳತಿ ಎಂದು ಬರೆಯಲು ಅಂಜುತ್ತಾ,
ಕುಮುದಿನಿ

ಸಹಿ ಮಾಡಿದ ಮೇಲೆ: ಪಕ್ಕದ ಮನೆಯ ಶಾಂತಾ ಆಂಟಿಯ ಹತ್ತಿರ ಸ್ಟಾಂಪು ಕೇಳಿದ್ದೆ. ತಂದುಕೊಟ್ಟವರು ನನ್ನ ಮುಖ ನೋಡಿ ಏನೆಂದು ಕೇಳಿದರು, ಎಲ್ಲ ಹೇಳಿಬಿಟ್ಟೆ. ಕೊಟ್ಟ ಸ್ಟಾಂಪನ್ನು ವಾಪಸ್ಸು ಕಿತ್ತುಕೊಂಡರು. ಶನಿವಾರದ ಟಿಕೆಟ್ ಮಾಡಿದ್ದೇನೆ, ಈ ಕಾಗದ ನಿನ್ನ ಕೈಗೇ ಕೊಡುತ್ತೇನೆ. ಬಾಗಿಲಲ್ಲಿ ನಿಂತು ಅವರು ಅಂದದ್ದು: "ತಪ್ಪು ಮಾಡಿದಾಕಿ ನೀನು, ಅಡ್ಡಾಡಾಂವ ಪೋಸ್ಟ್‌ಮ್ಯಾನ್ ಏನು? ವಿಮಾನ ಹತ್ತು. ಆಕಿ ಎದುರಿಗೆ ಕುಂತು ಬೈಸ್ಕೊಂಡು ಬಾ."