ಮಹಡಿ ಮೇಲಿನ ವೈರಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ. ಪಾರ್ಶ್ವವಾಯು ಬಡಿದ ಕೈ ಮೆಲ್ಲಗೆ ಹತೋಟಿಗೆ ಬರುತ್ತಿದೆ. ಕಾಲು ಮೊಂಡು ಹಿಡಿದಿದೆ, ನಾಲಿಗೆ ಅದಕ್ಕಿಂತ ಮೊಂಡು. ಅದಿರಲಿ, ಇವತ್ತು ನನ್ನ ನಾದಿನಿಯನ್ನು ಹೊಗಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮ ಮಹಡಿ ಮೇಲಿರುವ ಆ ನಾದಿನಿ ನಿನಗೆ ಗೊತ್ತಲ್ಲ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಮನೆಗೆ ಬಂದರೆ ಬಲ್ಬು, ಸೆನ್ಸರ್, ವೈರು. ಸದಾ ವೈರು ಹಿಡಿದಿರುವ ತಮ್ಮ ತಂಗಿಗೆ ನಿನ್ನ ಭಾವ 'ವೈರಿ' ಎಂದೇ ಹೆಸರಿಟ್ಟಿದ್ದಾರೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವಳು ಮನೆಗೆ ಕಿವಿ ಬರಿಸಿದ್ದಳು. ಕೂತಲ್ಲಿಂದ ಹೇಳಿದರೆ ಸಾಕು, ದೀಪ ಹತ್ತುತ್ತದೆ, ಪರದೆ ಸರಿಯುತ್ತದೆ, ಬಾಗಿಲ ಬೀಗ ತೆರೆಯುತ್ತದೆ. ನನ್ನ ಮಾತಿಗೆ ಮಾತ್ರ, ಇದನ್ನೆಲ್ಲ ಕೇಳಿಸಿಕೊಂಡು ನಡೆಸುವ ಡಬ್ಬಿ, "ಕ್ಷಮಿಸಿ, ಅರ್ಥವಾಗಲಿಲ್ಲ" ಅನ್ನುತ್ತಿತ್ತು. ಅಷ್ಟು ವಿನಯದಿಂದ ಯಾರೂ ನನಗೆ ಅವಮಾನ ಮಾಡಿರಲಿಲ್ಲ ಕಣೇ.

ನಾನು "ದೀಪ ಹಾಕು" ಎಂದರೆ ಬಾಯಿಂದ "ಈಅ ಆಕು" ಎಂದು ಬರುತ್ತಿತ್ತು. "ನಾನಿದೀನಲ್ಲ, ನಾನೇ ಹಾಕ್ತೀನಿ ಬಿಡು" ಎಂದು ನಿನ್ನ ಭಾವ ಏಳುತ್ತಿದ್ದರು. ಯಾರನ್ನೂ ಏಳಿಸದೆ ಒಂದು ದೀಪ ಹಾಕಿಕೊಳ್ಳಬೇಕು, ಅಷ್ಟೇ ನನ್ನ ಆಸೆ ಎಂದು ಅವರಿಗೆ ಹೇಗೆ ಹೇಳಲಿ?

ವೈರಿಗೆ ಹೇಳಬೇಕಾಗಲಿಲ್ಲ. ದುಡ್ಡು ಕೊಟ್ಟು ತಂದಿದ್ದ ಆ ಡಬ್ಬಿಯನ್ನು ಬಿಚ್ಚಿ ಬದಿಗಿಟ್ಟಳು. "ಇದು ಲೋಕದ ಮಾತೆಲ್ಲ ಕಲಿತು ಬಂದಿದೆ ಅತ್ತಿಗೆ. ನಿಮ್ಮ ಮಾತು ಮಾತ್ರ ಕಲಿತಿಲ್ಲ. ಕಲಿಸೋಣ" ಎಂದಳು. ಒಂದು ಪುಟ್ಟ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಒಂದೊಂದು ಮಾತನ್ನೂ ನನ್ನಿಂದ ಹೇಳಿಸಿ ಹೇಳಿಸಿ ತುಂಬಿದಳು. ಮೊದಲ ದಿನ ಕುಕ್ಕರ್ ಕೂಗಿದರೆ ಮಲಗುವ ಕೋಣೆಯ ಪರದೆ ಸರಿಯಿತು. ನಿನ್ನ ಭಾವ ಸೀನಿದರೆ ಫ್ಯಾನು ತಿರುಗಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಬಿದ್ದು ಬಿದ್ದು ನಕ್ಕದ್ದು ಅವತ್ತೇ, ಸೊಟ್ಟ ಬಾಯಲ್ಲೇ.

ಅದು ಸರಿಹೋಯಿತು. ಆದರೆ ಬೆಳಿಗ್ಗೆ ಮಾತು ಕೇಳುವ ಯಂತ್ರ ಸಂಜೆಯಾದರೆ ಕಿವುಡಾಗುತ್ತಿತ್ತು. ವೈರಿ ಮೈಕು ಬದಲಿಸಿದಳು, ಫ್ರಿಜ್ಜಿನ ಗುಂಯ್ ಸದ್ದಿನಿಂದ ದೂರ ಇಟ್ಟಳು, ವೈಫೈ ಮೇಲೆ ಹರಿಹಾಯ್ದಳು. ಸಾಕು ಬಿಡು ಎಂದು ನಾನು ಕೈಸನ್ನೆ ಮಾಡಿದೆ. ಅವಳು ರಜೆ ಹಾಕಿ ಇಡೀ ದಿನ ನನ್ನೆದುರು ಕೂತಳು. ಸುಮ್ಮನೆ ಹರಟಿಸಿದಳು, ಕೇಳಿಸಿಕೊಂಡಳು. ಹೊತ್ತು ಮುಳುಗುವಾಗ ಹಣೆ ಚಚ್ಚಿಕೊಂಡಳು.

"ತಪ್ಪು ನನ್ನದು ಅತ್ತಿಗೆ. ಸಂಜೆ ಹೊತ್ತಿಗೆ ನಿಮ್ಮ ನಾಲಿಗೆ ದಣಿದಿರುತ್ತೆ. ನಾನು ಇದಕ್ಕೆ ಬೆಳಗಿನ ಅತ್ತಿಗೇನ ಮಾತ್ರ ಪರಿಚಯ ಮಾಡಿಸಿದ್ದೆ!"

ಆಮೇಲೆ ದಣಿದಾಗ, ಸಿಟ್ಟು ಬಂದಾಗ, ಬಾಯಲ್ಲಿ ತುತ್ತಿದ್ದಾಗಲೂ ಹೇಳಿಸಿದಳು. ಅಪಾಯಕ್ಕೊಂದು ಮಾತು ಬೇಕು, ತಾನಾಗಿ ಬಾಯಿಗೆ ಬರುವಂಥದ್ದು ಎಂದಳು. "ಅಯ್ಯೋ" ಎಂದೆ. "ಹಾಲು ಉಕ್ಕಿದ್ರೂ ಅದೇ ಅಂತೀರಿ" ಎಂದು ನಕ್ಕು, "ಅಯ್ಯಯ್ಯೋ" ಎಂದು ಗೊತ್ತುಮಾಡಿದಳು. ಅದು ಕೇಳಿಸಿದರೆ ಬೀಗ ತೆರೆದು, ತನ್ನ ಫೋನಿಗೂ ಪಕ್ಕದ ಮನೆಯ ಟೀಚರ್ ಫೋನಿಗೂ ಕರೆ ಹೋಗುವಂತೆ ಮಾಡಿದಳು.

ಹೋದ ವಾರ ಮನೆಯಲ್ಲಿ ಒಬ್ಬಳೇ ಇದ್ದೆ. ಕಾಲು ಜಾರಿ ಮಂಚಕ್ಕೂ ಬೀರುವಿಗೂ ನಡುವೆ ಬಿದ್ದೆ. ಫೋನು ಮೇಜಿನ ಮೇಲೆ. ಬಾಯಿಂದ ಬಂದದ್ದು ಅದೊಂದೇ ಮಾತು. ದೀಪಗಳೆಲ್ಲ ಮಿಣುಕಿದವು, ಬಾಗಿಲ ಬೀಗ ಟಕ್ ಎಂದಿತು. ಪಕ್ಕದ ಮನೆಯ ಟೀಚರ್ ತಮ್ಮ ಫೋನು ಬಡಿದುಕೊಂಡದ್ದು ನೋಡಿ, "ಎಲ್ಲಿದ್ದೀರಾ?" ಎನ್ನುತ್ತ ಓಡಿಬಂದು ಎತ್ತಿ ಕೂರಿಸಿದರು. ಹಿಂದೆಯೇ ಅಂಗಡಿಯಿಂದ ವೈರಿ ಓಡಿಬಂದಳು, ಯಾವುದೋ ಗಿರಾಕಿಯ ಕನ್ನಡಕ ಕೈಯಲ್ಲೇ ಇತ್ತು. ಮೂಳೆ ಮುರಿದಿಲ್ಲ ಎಂದು ತಡವಿ ನೋಡಿದ ಮೇಲೆ, "ಒಂದೇ ಸಲಕ್ಕೆ ಕೇಳಿಸ್ಕೊಂಡಿತಾ?" ಎಂದು ಕೇಳಿದಳು. ಹೂಂ ಎಂದೆ. ನನ್ನ ಮಡಿಲಲ್ಲಿ ಮುಖವಿಟ್ಟು ಗಳಗಳ ಅತ್ತುಬಿಟ್ಟಳು.

ಮನೆಗೆ ಬಂದವರೆಲ್ಲ ನನ್ನ ಮಾತನ್ನು ಅರ್ಧಕ್ಕೇ ಹಿಡಿದು ತಾವೇ ಮುಗಿಸುತ್ತಾರೆ, ಪ್ರೀತಿಯಿಂದಲೇ. ಕೊನೆಯ ಅಕ್ಷರದವರೆಗೂ ಕಾಯುವವಳು ಇವಳೊಬ್ಬಳೇ. ಇಂಥ ವೈರಿ ಮನೆಗೊಬ್ಬಳಿರಲಿ.

ಇತಿ ನಿನ್ನ
ಅಕ್ಕ

ಮರೆತ ಮಾತು: ನೀನು ಫೋನ್ ಮಾಡಿದಾಗಲೆಲ್ಲ "ಮಲಗಿದಾಳೆ" ಎಂದು ನಿನ್ನ ಭಾವ ಹೇಳಿದ್ದು ಸುಳ್ಳು. ಪಕ್ಕದಲ್ಲೇ ಕೂತು ನಾನೇ ಹಾಗೆ ಹೇಳಿಸುತ್ತಿದ್ದೆ. ಈ ದನಿ ನಿನಗೆ ಕೇಳಿಸುವುದು ಬೇಡವಾಗಿತ್ತು. ಕಾಗದ ತಲುಪಿದ ದಿನವೇ ಫೋನ್ ಮಾಡು, ನಾನೇ ಎತ್ತುತ್ತೇನೆ. ತಿಳಿಯದಿದ್ದರೆ ಇನ್ನೊಂದು ಸಲ ಕೇಳು, ಹೇಳುತ್ತೇನೆ. ಅಳಬೇಡ, ಅಷ್ಟೇ.